ಇಲ್ಲವಾದ ಪ್ರೋಟೀನನ್ನು ಹುಡುಕುವ ಪರೀಕ್ಷೆ

ರೋಣ, ನರಗುಂದ, ಗಜೇಂದ್ರಗಡದ ಕಡೆಯ ಕ್ಯಾನ್ಸರ್ ರೋಗಿಗಳು ಹೆಚ್ಚಾಗಿ ಹುಬ್ಬಳ್ಳಿಯ ಹಾದಿ ಹಿಡಿಯುತ್ತಾರೆ. ಮೂಳೆ ಮಜ್ಜೆಯ ಕ್ಯಾನ್ಸರಾದ ಮಲ್ಟಿಪಲ್ ಮೈಲೋಮಾ ಇದ್ದವರ ಚೀಟಿಯಲ್ಲಿ ಲೆನಾಲಿಡೊಮೈಡ್ ಬರೆದಿರುವುದುಂಟು. ರೋಣದ ನನ್ನ ಔಷಧ ಅಂಗಡಿಯಿಂದ ಅದನ್ನು ತರಿಸಿಕೊಡುತ್ತೇನೆ. ಹಿರಿಯರೊಬ್ಬರು ಕೇಳಿದರು: "ತಮ್ಮಾ, ಈ ಗುಳಿಗಿ ಒಳಗ ಹೋಗಿ ಏನ್ ಮಾಡ್ತೈತಿ?"

ಬಹುತೇಕ ಔಷಧಗಳು ರೋಗದ ಪ್ರೋಟೀನಿನ ಮೇಲೆ ಕೂತು ಅದರ ಕೆಲಸ ತಡೆಯುತ್ತವೆ. ಇದು ಹಾಗಲ್ಲ, ಪ್ರೋಟೀನನ್ನೇ ಇಲ್ಲವಾಗಿಸುತ್ತದೆ. ಬೇಡವಾದ ಪ್ರೋಟೀನಿಗೆ ಜೀವಕೋಶ ಯುಬಿಕ್ವಿಟಿನ್ ಎಂಬ ಗುರುತು ಅಂಟಿಸುತ್ತದೆ. ಪ್ರೋಟಿಯಾಸೋಮ್ ಎಂಬ ಕೋಶದೊಳಗಿನ ಯಂತ್ರ ಆ ಪ್ರೋಟೀನನ್ನು ಕತ್ತರಿಸಿ ಹಾಕುತ್ತದೆ. ಈ ವ್ಯವಸ್ಥೆಯನ್ನು ಕಂಡುಹಿಡಿದವರಿಗೆ 2004ರ ರಸಾಯನಶಾಸ್ತ್ರದ ನೊಬೆಲ್ ಬಂತು. ಲೆನಾಲಿಡೊಮೈಡ್ ಸೆರೆಬ್ಲಾನ್ ಎಂಬ ಪ್ರೋಟೀನಿಗೆ ಅಂಟಿ, ಮೈಲೋಮಾ ಕೋಶಗಳು ಬದುಕಲು ಬೇಕಾದ ಎರಡು ಪ್ರೋಟೀನುಗಳಿಗೆ ಆ ಗುರುತು ಬೀಳುವಂತೆ ಮಾಡುತ್ತದೆ. ಇದು ಗೊತ್ತಾಗಿದ್ದು, ಔಷಧ ಬಳಕೆಗೆ ಬಂದ ಎಷ್ಟೋ ವರ್ಷಗಳ ಮೇಲೆ, 2014ರಲ್ಲಿ.

ಈಗ ಇಂಥ ಅಣುಗಳನ್ನು ಬೇಕೆಂದೇ ಹುಡುಕುತ್ತಾರೆ. 384 ಕುಳಿಗಳ ತಟ್ಟೆಯಲ್ಲಿ ಜೀವಕೋಶ ಬೆಳೆಸಿ, ಗುರಿಯ ಪ್ರೋಟೀನಿಗೆ ಬೆಳಕು ಕೊಡುವ ಪುಟ್ಟ ತುಣುಕೊಂದನ್ನು ಜೋಡಿಸಿರುತ್ತಾರೆ. ಅಣು ಹಾಕಿದ ಮೇಲೆ ಬೆಳಕು ಕುಗ್ಗಿದರೆ ಪ್ರೋಟೀನು ಕಡಿಮೆಯಾಗಿದೆ ಎಂದರ್ಥ. ಆದರೆ ಕೋಶ ಸತ್ತರೂ ಬೆಳಕು ಕುಗ್ಗುತ್ತದೆ. ಆದ್ದರಿಂದ ಬದುಕಿರುವ ಕೋಶಗಳ ಲೆಕ್ಕವನ್ನೂ ಇಡಬೇಕು. ಪ್ರೋಟಿಯಾಸೋಮನ್ನು ತಡೆದು ಮತ್ತೆ ಅದೇ ಅಣು ಹಾಕುತ್ತಾರೆ. ಆಗ ಬೆಳಕು ಉಳಿದರೆ ಮಾತ್ರ ನಂಬಿಕೆ. ಪ್ರಮಾಣವನ್ನೂ ಏರಿಳಿಸಿ ನೋಡಬೇಕು. ಒಂದು ತುದಿಯಲ್ಲಿ ರೋಗದ ಪ್ರೋಟೀನು, ಇನ್ನೊಂದರಲ್ಲಿ ಗುರುತು ಹಾಕುವ ಪ್ರೋಟೀನು ಹಿಡಿಯುವ ಪ್ರೋಟ್ಯಾಕ್ ಅಣುಗಳು ಅತಿಯಾದರೆ, ಎರಡೂ ಕಡೆ ಬೇರೆ ಬೇರೆಯಾಗಿ ತುಂಬಿಕೊಂಡು ಕೆಲಸವೇ ಕುಂದುತ್ತದೆ.

ಆಮೇಲಿನದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ. ಕಳೆ ಕೀಳುವಾಗ ಉಳ್ಳಾಗಡ್ಡಿ ಸಸಿಯೂ ಬಂತೇ ಎಂದು ಹೊಲದಲ್ಲಿ ನೋಡುತ್ತೇವಲ್ಲ, ಹಾಗೆ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಸಾವಿರಾರು ಪ್ರೋಟೀನುಗಳನ್ನು ಅಳೆದು, ಗುರಿಯ ಜತೆ ಮತ್ಯಾವುದು ಹೋಯಿತೆಂದು ಹುಡುಕುತ್ತಾರೆ. ಬೆಂಗಳೂರಿನ ಆರಿಜೀನ್ ಕಂಪನಿ ರೂಪಿಸಿದ ಎಯು-15330 ಎಂಬ ಅಣು ಈ ಪರೀಕ್ಷೆ ದಾಟಿತು. ಪ್ರಾಸ್ಟೇಟ್ ಕ್ಯಾನ್ಸರಿಗೆ ಬೇಕಾದ ಪ್ರೋಟೀನುಗಳನ್ನು ಅದು ಅಳಿಸಿ, ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆಯನ್ನು ತಡೆಯಿತು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಜತೆಗಿನ ಆ ಅಧ್ಯಯನ 2022ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ನಮ್ಮ ರಾಜ್ಯದ ಲ್ಯಾಬಿನಿಂದ ಇಂಥದ್ದು ಬಂದಿತೆಂಬುದು ನನಗೆ ಹೆಮ್ಮೆಯ ಮಾತು.

ಆ ಪರೀಕ್ಷೆ ಹಿಂದೆ ಇರಲಿಲ್ಲ. ಲೆನಾಲಿಡೊಮೈಡಿನ ಹಿರಿಯಣ್ಣ ಥಾಲಿಡೊಮೈಡನ್ನು ಬಸುರಿಯರ ವಾಕರಿಕೆಗೆ ಕೊಟ್ಟಾಗ, ಕೈಕಾಲು ಬೆಳೆಯದ ಸಾವಿರಾರು ಮಕ್ಕಳು ಹುಟ್ಟಿದವು. ಅದು ಸಾಲ್4 ಎಂಬ ಪ್ರೋಟೀನನ್ನೂ ಅಳಿಸುತ್ತದೆಂದು ತಿಳಿದದ್ದು 2018ರಲ್ಲಿ. ಆದ್ದರಿಂದ ಲೆನಾಲಿಡೊಮೈಡ್ ತೆಗೆದುಕೊಳ್ಳುವವರ ಮನೆಯವರಲ್ಲಿ ನನ್ನ ವಿನಂತಿ: ಕ್ಯಾಪ್ಸೂಲನ್ನು ಬಿಚ್ಚಬೇಡಿ, ಬಸುರಿಯರ ಕೈಗೆ ಕೊಡಬೇಡಿ, ಉಳಿದದ್ದನ್ನು ಬೇರೆಯವರಿಗೆ ಕೊಡದೆ ಅಂಗಡಿಗೆ ತಂದು ಒಪ್ಪಿಸಿ.