ಅಮೆರಿಕದ ಚರ್ಚು ರಿಪಬ್ಲಿಕನ್ ಪಕ್ಷದ ಕೈ ಹಿಡಿದದ್ದು ಹೇಗೆ?

ಅಮೆರಿಕದ ಇವ್ಯಾಂಜೆಲಿಕಲ್ ಕ್ರೈಸ್ತರು (ಬೈಬಲ್ಲೇ ಅಂತಿಮ ಎನ್ನುವ ಪ್ರೊಟೆಸ್ಟೆಂಟರು) ಅಂದ ಕೂಡಲೇ ರಿಪಬ್ಲಿಕನ್ ಪಕ್ಷ ನೆನಪಾಗುತ್ತೆ. ಆದರೆ ಈ ನಂಟು ಹಳೇ ಕಾಲದ್ದೇನಲ್ಲ.

1976ರಲ್ಲಿ ಜಿಮ್ಮಿ ಕಾರ್ಟರ್ ಅಧ್ಯಕ್ಷರಾಗಿ ಆಯ್ಕೆಯಾದರು. ಪಕ್ಷ ಡೆಮಾಕ್ರಟಿಕ್. ಭಾನುವಾರ ಬಂದರೆ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಬೈಬಲ್ ಪಾಠ ಹೇಳುತ್ತಿದ್ದವರು. ಬಹಳಷ್ಟು ಇವ್ಯಾಂಜೆಲಿಕಲರು ಅವರಿಗೆ ವೋಟು ಹಾಕಿದ್ದರು.

ಆಮೇಲೆ ಗರ್ಭಪಾತದ ಮೇಲಿನ ಸಿಟ್ಟಿನಿಂದಲೇ ಅವರು ರಿಪಬ್ಲಿಕನ್ನರತ್ತ ಹೊರಳಿದರು ಅಂತಾರೆ. ಆದರೆ 1971ರಲ್ಲಿ ಇವ್ಯಾಂಜೆಲಿಕಲರದ್ದೇ ಪಂಗಡವಾದ ಸದರ್ನ್ ಬ್ಯಾಪ್ಟಿಸ್ಟರ ಸಮಾವೇಶವೇ, ಅತ್ಯಾಚಾರದಂಥ ಸಂದರ್ಭಗಳಲ್ಲಿ ಗರ್ಭಪಾತಕ್ಕೆ ಕಾನೂನಿನ ಅವಕಾಶವಿರಲಿ ಅಂತ ನಿರ್ಣಯ ಮಾಡಿತ್ತು!

ಇತಿಹಾಸಕಾರ ರಾಂಡಲ್ ಬಾಲ್ಮರ್ ಬೊಟ್ಟು ಮಾಡುವುದು ತೆರಿಗೆ ಇಲಾಖೆಯ ಕಡೆಗೆ. ಬಾಬ್ ಜೋನ್ಸ್ ವಿಶ್ವವಿದ್ಯಾಲಯದಲ್ಲಿ ಕಪ್ಪು ಹುಡುಗ ಬಿಳಿ ಹುಡುಗಿಯ ಜೊತೆ ಓಡಾಡುವಂತಿರಲಿಲ್ಲ. ಈ ಭೇದಭಾವಕ್ಕಾಗಿ ಸರ್ಕಾರ ವಿಶ್ವವಿದ್ಯಾಲಯದ ತೆರಿಗೆ ವಿನಾಯಿತಿ ರದ್ದು ಮಾಡಿತು. ‘ನಮ್ಮ ಧರ್ಮಕ್ಕೇ ಕೈಹಾಕಿದರು’ ಎಂಬ ಕೂಗೆದ್ದಿತು.

1979ರಲ್ಲಿ ಟಿವಿ ಬೋಧಕ ಜೆರ್ರಿ ಫಾಲ್ವೆಲ್ ‘ಮಾರಲ್ ಮೆಜಾರಿಟಿ’ ಸಂಘಟನೆ ಕಟ್ಟಿದರು. ಗರ್ಭಪಾತ ವಿರೋಧ ಅದರ ದೊಡ್ಡ ಘೋಷಣೆಯಾಯಿತು. ಮರುವರ್ಷ ಡಲ್ಲಾಸ್‌ನಲ್ಲಿ ಸಾವಿರಾರು ಪಾದ್ರಿಗಳೆದುರು ರಿಪಬ್ಲಿಕನ್ ಅಭ್ಯರ್ಥಿ ರೊನಾಲ್ಡ್ ರೇಗನ್ ನಿಂತರು: ನೀವು ನನ್ನನ್ನು ಬೆಂಬಲಿಸುವಂತಿಲ್ಲ, ಗೊತ್ತು; ನಾನು ನಿಮ್ಮನ್ನು ಬೆಂಬಲಿಸುತ್ತೇನೆ ಅಂದರು. ನಂಟು ಗಟ್ಟಿಯಾಯಿತು.

2016ರಲ್ಲಿ ಬಿಳಿಯ ಇವ್ಯಾಂಜೆಲಿಕಲರಲ್ಲಿ ಶೇ. 80ರ ಆಸುಪಾಸು ಜನ ಟ್ರಂಪ್ ಕಡೆಗಿದ್ದರು. ಟ್ರಂಪ್ ಸುಪ್ರೀಂ ಕೋರ್ಟಿಗೆ ಮೂವರು ನ್ಯಾಯಮೂರ್ತಿಗಳನ್ನು ನೇಮಿಸಿದರು. 2022ರಲ್ಲಿ ಅದೇ ಕೋರ್ಟಿನ ತೀರ್ಪಿನಿಂದ ಗರ್ಭಪಾತದ ಸಾಂವಿಧಾನಿಕ ಹಕ್ಕೇ ಹೋಯಿತು.

ಅದೇ ಬೈಬಲ್ ಓದುವ ಕಪ್ಪು ಪ್ರೊಟೆಸ್ಟೆಂಟರಲ್ಲಿ ಬಹುಪಾಲು ಜನ ಇಂದಿಗೂ ಡೆಮಾಕ್ರಟರಿಗೇ ವೋಟು ಹಾಕುತ್ತಾರೆ. ಹಾಗಾಗಿ ಇದು ಬರೀ ಭಕ್ತಿಯ ಕಥೆಯಲ್ಲ. ಭಕ್ತಿಯನ್ನು ವೋಟ್‌ ಬ್ಯಾಂಕ್ ಮಾಡಿದ ಸಂಘಟನೆಯ ಕಥೆ. ಯಾವ ದೇಶದಲ್ಲೇ ಆಗಲಿ, ದೇವರ ಹೆಸರಲ್ಲಿ ವೋಟು ಕೇಳಿದಾಗ, ಲಾಭ ಯಾರಿಗೆ ಅಂತ ಕೇಳಲೇಬೇಕು.