ಹಂಡೆಯ ಸುತ್ತ ಮಣ್ಣು, ಮೇಲೊಂದು ಮುಚ್ಚಳ

ಜೋಯಿಡಾದ ಆಷಾಢದಲ್ಲಿ ಮನೆಯ ಬೆಚ್ಚನೆಯ ಮೂಲೆಯೆಂದರೆ ಬಚ್ಚಲೊಲೆ. ಗದ್ದೆಯಿಂದ ತೊಯ್ದು ಬಂದವರು ಕಂಬಳಿಕೊಪ್ಪೆ ಬಿಚ್ಚಿ ಮೊದಲು ಹೋಗುವುದು ಅಲ್ಲಿಗೇ. ಮೇಲೆ ಹಗ್ಗದಲ್ಲಿ ಒಣಗದ ಬಟ್ಟೆ, ಕಟ್ಟೆಗೆ ಬೆನ್ನು ಕೊಟ್ಟು ಮಲಗಿದ ಬೆಕ್ಕು, ಬಾಗಿಲಾಚೆ ಒಂದೇ ಸಮನೆ ಮಳೆ.

ಆ ಒಲೆಯ ಮೇಲಿನ ತಾಮ್ರದ ಹಂಡೆಯ ಕಂಠವಷ್ಟೇ ಕಣ್ಣಿಗೆ ಬೀಳುತ್ತದೆ. ಹೊಟ್ಟೆಯೆಲ್ಲ ಮಣ್ಣಿನ ಕಟ್ಟೆಯೊಳಗೆ. ತಾಮ್ರಕ್ಕೆ ಶಾಖ ಹಿಡಿಯಲು ಎಷ್ಟು ಅವಸರವೋ ಬಿಡಲೂ ಅಷ್ಟೇ. ಬರಿಮೈಯಲ್ಲಿ ಮೂರು ಕಲ್ಲಿನ ಮೇಲೆ ಕೂರಿಸಿದರೆ ಬೆಂಕಿ ನಂದಿದ ಮೇಲೆ ನೀರು ಬೇಗ ಆರುತ್ತದೆ. ಅದಕ್ಕೇ ಈ ಕಟ್ಟೆ: ಹುತ್ತದ ಮಣ್ಣಿಗೆ ಸಗಣಿ, ಭತ್ತದ ಹೊಟ್ಟು ಸೇರಿಸಿ, ತುಳಿದು, ಮೆತ್ತಿದ್ದು. ಹಳಿಯಾಳ, ಮುಂಡಗೋಡದ ಭತ್ತದ ಸೀಮೆಯಲ್ಲಿ ಹೊಟ್ಟಿಗೇನು ಬರವೇ? ಆ ಹೊಟ್ಟಿನ ಸಂದಿಯಲ್ಲಿ ಸಿಕ್ಕಿಕೊಂಡ ಗಾಳಿಯೇ ಶಾಖಕ್ಕೆ ಅಡ್ಡ ನಿಲ್ಲುವುದು. ಮಣ್ಣೂ ತಾನು ಕುಡಿದ ಬಿಸಿಯನ್ನು ನಿಧಾನಕ್ಕೆ ಮರಳಿಸುತ್ತದೆ. ಎಲ್ಲರದ್ದೂ ಮುಗಿದ ಮೇಲೆ ಮೀಯುವ ಸೊಸೆಗೂ ಬಿಸಿನೀರು ಉಳಿಯಬೇಕಲ್ಲ!

ಕಟ್ಟೆಯ ಶತ್ರು ಬಿರುಕು. ಕಂಠದ ಸುತ್ತ ಕೂದಲೆಳೆಯಷ್ಟು ಬಿಟ್ಟುಕೊಂಡರೂ ಸಾಕು, ಹೊಗೆ ಅಲ್ಲಿಂದೆದ್ದು ಮೀಯುವವರ ಕಣ್ಣಲ್ಲಿ ನೀರು. ಮನೆಯಾಕೆ ಹಿಡಿ ಮಣ್ಣು ಮಿದ್ದು ತೋರುಬೆರಳಿನಿಂದ ಬಿರುಕಿನುದ್ದಕ್ಕೂ ಒತ್ತುತ್ತ ಹೋಗುತ್ತಾಳೆ. ಹಸಿಮಣ್ಣು ಸಣ್ಣಗೆ ಆವಿಯಾಡಿ, ನೋಡನೋಡುತ್ತ ಕಡುಗಂದಿನಿಂದ ಮಾಸಲಿಗೆ ತಿರುಗುತ್ತದೆ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ, ಕಂಠಕ್ಕೆ ಹಿಂಡ್ಲೆಬಳ್ಳಿ ಸುತ್ತುವ ಮುಂಚೆ, ಇಡೀ ಕಟ್ಟೆಗೆ ಹೊಸ ಸಾರಣೆ. ಸಿಮೆಂಟು ಬಳಿದವರೂ ಇದ್ದಾರೆ. ನೋಡಲು ನಯ, ಆದರೆ ಬೆಂಕಿಗೆ ಬಿರಿಯುತ್ತದೆ, ಬಿರಿದದ್ದನ್ನು ಬೆರಳಲ್ಲಿ ಮುಚ್ಚುವಂತಿಲ್ಲ.

ಬಿಸಿ ಹಿಡಿದಿಡುವ ಈ ಪಾಠ ಹಂಡೆಗಷ್ಟೇ ಅಲ್ಲ. ದಾಂಡೇಲಿಯಲ್ಲಿ ಕಾಳಿ ನದಿಯ ಸೆಳವಿನಲ್ಲಿ ಪ್ರವಾಸಿಗರನ್ನು ಕೂರಿಸಿ ‘ನ್ಯಾಚುರಲ್ ಜಕೂಝಿ’ ಎನ್ನುತ್ತಾರೆ. ತಣ್ಣೀರಿಗೆ ಬಿಸಿನೀರ ತೊಟ್ಟಿಯ ಹೆಸರು! ಈಗ ನಿಜವಾದ ಬಿಸಿನೀರ ತೊಟ್ಟಿಯನ್ನೇ ಮನೆಯಲ್ಲಿ ಇಟ್ಟುಕೊಳ್ಳುವ ಆಸೆಯೂ ಕೆಲವರಿಗಿದೆ. ಅದರ ಸುತ್ತ ಥರ್ಮೋಕೋಲ್, ಫೋಮು ತುಂಬಿ ಬಾಯಿ ಮಾತ್ರ ತೆರೆದೇ ಬಿಟ್ಟರೆ ಏನು ಬಂತು? ಶಾಖ ಹೆಚ್ಚಾಗಿ ಹೋಗುವುದೇ ಮೇಲಿನಿಂದ. 60 ಲೀಟರ್ ಬಿಸಿನೀರಿನಲ್ಲಿ 1 ಲೀಟರ್ ಆವಿಯಾಗಿ ಹೋದರೆ ಉಳಿದ ನೀರು ಸುಮಾರು 9ರಿಂದ 10 ಡಿಗ್ರಿ ಸೆಲ್ಸಿಯಸ್ ತಣಿಯುತ್ತದೆ. ಹಂಡೆಗೆ ಮೊದಲೇ ಬಾಯಿ ಕಿರಿದು, ಸಾಲದ್ದಕ್ಕೆ ಮೇಲೊಂದು ತಟ್ಟೆ. ಆ ತಟ್ಟೆಯ ಕೆಲಸವನ್ನು ಬದಿಯ ಫೋಮು, ಅದು ಗೇಣು ದಪ್ಪವಿದ್ದರೂ, ಮಾಡಲಾರದು.

ಹಾಗಾಗಿ ತೊಟ್ಟಿ ಇಟ್ಟುಕೊಳ್ಳುವವರು ಮೊದಲು ಬಿಗಿಯಾಗಿ ಕೂರುವ ಮುಚ್ಚಳಕ್ಕೆ ದುಡ್ಡು ಹಾಕಿ, ಆಮೇಲೆ ಬದಿಗಳಿಗೆ. ಥರ್ಮೋಕೋಲ್ 100 ಡಿಗ್ರಿಯ ಹತ್ತಿರ ಮೆತ್ತಗಾಗುತ್ತದೆ, ಬೆಂಕಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಸೌದೆ ಒಲೆಯ ಹಂಡೆಯ ಬಳಿ ಅದನ್ನು ಸುಳಿಯಗೊಡಬೇಡಿ. ಅಲ್ಲಿಗೆ ಮಣ್ಣೇ ಸರಿ.