ಆಕಾಶಕ್ಕೇರುವ ಮುನ್ನ ನೆಲದ ಮೇಲೊಂದು ಲೆಕ್ಕ

2025ರ ಮಾರ್ಚ್ 31. ಈದುಲ್ ಫಿತ್ರ್‌ನ ದಿನ. ನೀರಮಾನ್ವಿಯ ನಮ್ಮ ಮನೆಗೆ ಶೀರ್‌ಖುರ್ಮಾ ತಂದುಕೊಟ್ಟ ನೆರೆಮನೆಯ ಸಹೋದರಿ ಬಾಗಿಲಲ್ಲೇ ನಿಂತು ಕೇಳಿದಳು: "ಆಪಾ, ಮಕ್ಕಳು ಹೆಲಿಕಾಪ್ಟರ್ ಹತ್ತಬೇಕಂತ ಗಂಟು ಬಿದ್ದಾರ್ರಿ. ಇದು ಇಸ್ರಾಫ್ ಆಗ್ತದೇನ್ರಿ?"

ನಮ್ಮ ಕಡೆ ಹೆಲಿಕಾಪ್ಟರ್ ಎಂದರೆ ಚುನಾವಣೆಯ ಕಾಲದಲ್ಲಿ ನಾಯಕರನ್ನು ಇಳಿಸಲು ಧೂಳೆಬ್ಬಿಸುತ್ತಾ ಬರುವ ಯಂತ್ರ. ಆದರೆ ಯಾರೋ ಹಂಪಿ ಉತ್ಸವದಲ್ಲಿ ಹಾರಿದ ವಿಡಿಯೋವನ್ನು ಆಕೆಯ ಮಕ್ಕಳು ಮೊಬೈಲಿನಲ್ಲಿ ನೋಡಿದ್ದರು. ಬೇಸಿಗೆ ರಜೆ ಹತ್ತಿರವಿತ್ತು. ಸಂಘದಿಂದ ಸಾಲ ತೆಗೆದರೆ ಗಂಡ ಮತ್ತು ಇಬ್ಬರು ಗಂಡುಮಕ್ಕಳನ್ನು ಹಾರಿಸಬಹುದು, ತಾನೂ ಮಗಳೂ ಕೆಳಗೆ ಚೀಲ ಕಾಯುತ್ತಾ ಇರಬಹುದು ಎಂದು ಆಕೆ ಲೆಕ್ಕ ಹಾಕಿದ್ದಳು.

ಪ್ರಿಯ ಸಹೋದರಿಯರೇ, ಈ ಲೆಕ್ಕ ನಿಮ್ಮ ಮನೆಯಲ್ಲೂ ನಡೆದಿರಬಹುದು. ಆದ್ದರಿಂದ ಆಕೆಗೆ ಹೇಳಿದ್ದನ್ನೂ ಆ ಬಳಿಕ ತಿಳಿದುಕೊಂಡದ್ದನ್ನೂ ನಿಮ್ಮ ಮುಂದಿಡುತ್ತಿದ್ದೇನೆ.

ಮನರಂಜನೆ ತಪ್ಪಲ್ಲ

ಭೂಮಿಯಲ್ಲಿ ಸಂಚರಿಸಿ ಸೃಷ್ಟಿಯನ್ನು ನೋಡಿರೆಂದು ಕುರ್‌ಆನ್ ನಮ್ಮನ್ನು ಮತ್ತೆ ಮತ್ತೆ ಪ್ರೇರೇಪಿಸುತ್ತದೆ. ಸೂರಃ ಅಲ್‌ಮುಲ್ಕ್ ಆಕಾಶದಲ್ಲಿ ರೆಕ್ಕೆ ಬಿಚ್ಚುವ ಹಕ್ಕಿಗಳತ್ತ ನಮ್ಮ ಕಣ್ಣು ಹೊರಳಿಸುತ್ತದೆ. 9ನೇ ಶತಮಾನದಲ್ಲೇ ಸ್ಪೇನಿನ ಅಬ್ಬಾಸ್ ಇಬ್ನ್ ಫಿರ್ನಾಸ್ ಹಾರಲು ಯತ್ನಿಸಿದ್ದ ಎಂದು ಇತಿಹಾಸ ಹೇಳುತ್ತದೆ. ಮಕ್ಕಳ ಆಸೆಯಲ್ಲಿ ಕೆಡುಕೇನೂ ಇಲ್ಲ. ಇಸ್ರಾಫ್ ಅಡಗಿರುವುದು ಹೆಲಿಕಾಪ್ಟರಿನಲ್ಲಲ್ಲ, ನಮ್ಮ ಶಕ್ತಿ ಮೀರಿದ ಖರ್ಚಿನಲ್ಲಿ.

ಈ ಹಾರಾಟ ಹತ್ತು ನಿಮಿಷವೂ ಇರುವುದಿಲ್ಲ, ದರ ಮಾತ್ರ ತಲೆಗೆ ಸಾವಿರಗಳ ಲೆಕ್ಕದಲ್ಲಿರುತ್ತದೆ. ಐವರ ಕುಟುಂಬಕ್ಕೆ ಅದನ್ನು ಐದರಿಂದ ಗುಣಿಸಿ ನೋಡಿ. ಉಳಿಸಿದ ಹಣವಿದ್ದರೆ ಸರಿ. ವಾರದ ಕಂತಿನ ಬಡ್ಡಿಸಾಲವಾದರೆ ಬೇಡವೇ ಬೇಡ. ಕಿರುಸಾಲ ವಸೂಲಿಯ ಕಿರುಕುಳ ಎಷ್ಟು ಹೆಚ್ಚಿತ್ತೆಂದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರಕಾರವೇ ಅದನ್ನು ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು. ಹತ್ತು ನಿಮಿಷದ ಖುಷಿಗೆ ವರ್ಷದ ನಿದ್ದೆ ಮಾರಬೇಡಿ.

ಎಲ್ಲಿ, ಯಾವಾಗ?

ನಮಗೆ ಹತ್ತಿರದ್ದು ಹಂಪಿ. ಸಿಂಧನೂರು, ಗಂಗಾವತಿಯ ದಾರಿ ಹಿಡಿದರೆ ಒಂದೇ ದಿನದಲ್ಲಿ ಹೋಗಿ ಬರಬಹುದು. ಅಲ್ಲಿ ಉತ್ಸವದ ಸಮಯದಲ್ಲಿ 'ಹಂಪಿ ಬೈ ಸ್ಕೈ' ಎಂಬ ಹೆಸರಿನಲ್ಲಿ ಕಮಲಾಪುರದಿಂದ ಹಾರಾಟ ಏರ್ಪಡಿಸುತ್ತಾ ಬಂದಿದ್ದಾರೆ. ಮೈಸೂರು ದಸರಾದಲ್ಲೂ ಇಂಥ ಹಾರಾಟಗಳು ನಡೆದಿವೆ. ಇವು ಉತ್ಸವದ ದಿನಗಳ ಏರ್ಪಾಡು, ಬಸ್ಸಿನಂತೆ ದಿನವೂ ಸಿಗುವುದಿಲ್ಲ. 2025ರಲ್ಲಿ ಹಂಪಿ ಉತ್ಸವ ನಡೆದದ್ದು ಫೆಬ್ರುವರಿ 28ರಿಂದ ಮಾರ್ಚ್ 2ರವರೆಗೆ. ಕೊನೆಯ ದಿನವೇ ನಮ್ಮ ಮೊದಲ ರೋಜಾ ಆಗಿತ್ತು.

ಆದ್ದರಿಂದ ಏಪ್ರಿಲ್, ಮೇ ತಿಂಗಳಲ್ಲಿ ಮೊಬೈಲಿಗೆ "ಇಂದೇ ಮುಂಗಡ ಕಟ್ಟಿ, ಅರ್ಧ ದರ" ಎಂಬ ಜಾಹೀರಾತು ಬಂದರೆ ಎಚ್ಚರವಾಗಿರಿ. ಜಿಲ್ಲಾಡಳಿತ ಅಥವಾ ಪ್ರವಾಸೋದ್ಯಮ ಇಲಾಖೆಯಲ್ಲಿ ವಿಚಾರಿಸದೆ ಹಣ ಕಳುಹಿಸಬೇಡಿ. ಕೇದಾರನಾಥದ ಹೆಲಿಕಾಪ್ಟರ್ ಟಿಕೆಟ್ ಹೆಸರಿನಲ್ಲಿ ನಕಲಿ ಜಾಲತಾಣ ಮಾಡಿ ಯಾತ್ರಿಕರನ್ನು ವಂಚಿಸಿದವರಿದ್ದಾರೆ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕೇಳಲು ಸಂಕೋಚ ಬೇಡ

ಆಕೆ ನನ್ನನ್ನು ಕೇಳಿದ ಹತ್ತೇ ದಿನಕ್ಕೆ, ಏಪ್ರಿಲ್ 10ರಂದು, ನ್ಯೂಯಾರ್ಕಿನ ಹಡ್ಸನ್ ನದಿಗೆ ಪ್ರವಾಸಿಗರ ಹೆಲಿಕಾಪ್ಟರೊಂದು ಬಿತ್ತು. ನಗರ ನೋಡಲು ಹೊರಟಿದ್ದ ಸ್ಪೇನಿನ ತಂದೆ, ತಾಯಿ, ಮೂವರು ಮಕ್ಕಳು ಮತ್ತು ಪೈಲಟ್ ಎಲ್ಲರೂ ತೀರಿಕೊಂಡರು. ಜೂನ್ 15ರಂದು ಕೇದಾರನಾಥದ ಬಳಿ ನಡೆದ ಅಪಘಾತದಲ್ಲಿ ಒಂದು ಹಸುಳೆಯೂ ಸೇರಿ ಏಳು ಮಂದಿ ಮಡಿದರು. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಮರಣ ಅಲ್ಲಾಹನ ಕೈಯಲ್ಲಿದೆ. ಆದರೆ ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂದು ಕಲಿಸಿದವರು ನಮ್ಮ ಪ್ರವಾದಿ(ಸ). ಟಿಕೆಟ್ ಕೊಳ್ಳುವಾಗ ಒಂಟೆ ಕಟ್ಟುವ ಕೆಲಸ ಹೀಗಿರಲಿ:

1. ಹಾರಿಸುವ ಕಂಪನಿಗೆ ಕೇಂದ್ರದ ವಿಮಾನಯಾನ ನಿರ್ದೇಶನಾಲಯದ, ಅಂದರೆ ಡಿಜಿಸಿಎಯ, ಪರವಾನಗಿ ಇದೆಯೇ ಎಂದು ಕೇಳಿ. ಪ್ರಯಾಣಿಕರ ವಿಮೆಯ ಬಗ್ಗೆಯೂ ವಿಚಾರಿಸಿ.

2. ಹವೆ ಕೆಟ್ಟು ಹಾರಾಟ ರದ್ದಾದರೆ ಹಣ ಮರಳುವುದೇ ಎಂದು ಮೊದಲೇ ತಿಳಿದುಕೊಳ್ಳಿ. ಪೈಲಟ್ "ಈಗ ಬೇಡ" ಎಂದರೆ ಜಗಳ ಮಾಡಬೇಡಿ. ಹಾಗೆ ಹೇಳಬಲ್ಲ ಪೈಲಟ್ ನಿಮ್ಮ ಹಿತೈಷಿ.

3. ಬೆಳಗಿನ ಹೊತ್ತನ್ನು ಆರಿಸಿ. ಕಾದ ಗಾಳಿ ತೆಳುವಾಗಿರುತ್ತದೆ, ಅದರಲ್ಲಿ ಹೆಲಿಕಾಪ್ಟರ್ ಎತ್ತಬಲ್ಲ ಭಾರ ಕಡಿಮೆಯಾಗುತ್ತದೆ. ನಮ್ಮ ರಾಯಚೂರಿನ ಬಿಸಿಲು ನಿಮಗೆ ಗೊತ್ತೇ ಇದೆ. ತೂಕ ಕೇಳಿದರೆ ನಾಚದೆ ನಿಜ ಹೇಳಿ. ಯಾರನ್ನು ಎಲ್ಲಿ ಕೂರಿಸಬೇಕೆಂಬುದೂ ಆ ತೂಕದ ಮೇಲೆಯೇ ನಿರ್ಧಾರವಾಗುತ್ತದೆ.

4. ರೆಕ್ಕೆಯ ಗಾಳಿ ಜೋರಾಗಿರುತ್ತದೆ. ಬುರ್ಖಾ, ದುಪಟ್ಟಾಗಳನ್ನು ಪಿನ್ನು ಹಾಕಿ ಬಿಗಿಯಾಗಿ ಕಟ್ಟಿಕೊಳ್ಳಿ. ಮಕ್ಕಳ ಕೈ ಬಿಡಬೇಡಿ. ಬಾಲದ ಕಡೆಗೆ ಎಂದೂ ಹೋಗಬೇಡಿ, ಅಲ್ಲಿ ತಿರುಗುವ ಚಿಕ್ಕ ರೆಕ್ಕೆ ಕಣ್ಣಿಗೇ ಕಾಣುವುದಿಲ್ಲ. ಸಿಬ್ಬಂದಿ ಕರೆದ ಮೇಲೆಯೇ, ಅವರು ತೋರಿಸಿದ ದಾರಿಯಲ್ಲೇ ನಡೆಯಿರಿ.

5. ಗರ್ಭಿಣಿಯರೂ ಹೃದಯದ ತೊಂದರೆ ಇರುವವರೂ ಮೊದಲು ವೈದ್ಯರನ್ನು ಕೇಳಲಿ.

ಕೆಳಗೆ ನಿಲ್ಲುವವರು ಯಾರು?

ಇನ್ನು ಆಕೆಯ ಲೆಕ್ಕದ ಆ ಕೊನೆಯ ಸಾಲು. ಮಕ್ಕಳ ನಡುವೆ ನ್ಯಾಯ ಪಾಲಿಸಬೇಕೆಂದು ಪ್ರವಾದಿ(ಸ) ಕಟ್ಟುನಿಟ್ಟಾಗಿ ಹೇಳಿದ್ದಾರೆ. ಒಬ್ಬ ಮಗನಿಗೆ ಮಾತ್ರ ಉಡುಗೊರೆ ಕೊಟ್ಟ ತಂದೆಗೆ ಸಾಕ್ಷಿಯಾಗಲು ಅವರು ಒಪ್ಪಲಿಲ್ಲ. ಅಣ್ಣಂದಿರು ಮೇಲೆ ಹಾರುವಾಗ ಅಮ್ಮನ ಜೊತೆ ಚೀಲ ಹಿಡಿದು ನಿಂತ ಹುಡುಗಿ ಏನು ಕಲಿಯುತ್ತಾಳೆ? ಆಕಾಶ ತನ್ನದಲ್ಲ ಎಂದಲ್ಲವೇ? ನಾನು ಆಕೆಗೆ ಹೇಳಿದೆ: "ಹಾರಿದರೆ ಐವರೂ ಹಾರಿ. ಆಗದಿದ್ದರೆ ಐವರೂ ಕಾಯಿರಿ."

ಆಕೆ ಬಹಳ ಹೊತ್ತು ಸುಮ್ಮನಿದ್ದು, "ನನ್ನದು ಹೋಗ್ಲಿ ಬಿಡ್ರಿ ಆಪಾ. ಮಗಳದು ನಾನು ಲೆಕ್ಕಾನೇ ಹಿಡಿದಿರಲಿಲ್ಲ" ಎಂದಳು.

ಸಂಘದ ಸಾಲ ಅವರು ತೆಗೆಯಲಿಲ್ಲ. ರಜೆಯಲ್ಲಿ ಒಂದು ದಿನ ನಸುಕಿನಲ್ಲೇ ಹೊರಟು ಹಂಪಿಯನ್ನು ನಡೆದೇ ನೋಡಿ ಬಂದರು. ತಳವಾರಘಟ್ಟದ ದಾರಿಯಲ್ಲಿ, ಎರಡನೇ ದೇವರಾಯನ ಅಧಿಕಾರಿಯಾಗಿದ್ದ ಅಹ್ಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿಯ ಕಂಬಗಳ ನಡುವೆ ಮಕ್ಕಳು ಕುಳಿತರಂತೆ. ಅದರ ಶಾಸನ ಆ ಕಟ್ಟಡವನ್ನು ಧರ್ಮಶಾಲೆ ಎಂದು ಕರೆಯುತ್ತದೆ. ಮೇಲಿನಿಂದ ಹಾರಿಹೋಗುವವರಿಗೆ ಅದು ಕಲ್ಲಿನ ಒಂದು ಚೌಕವಷ್ಟೇ.

ಮನೆಗೆ ಬಂದ ಮೇಲೆ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಗೆ ಚೀಟಿ ಅಂಟಿಸಿದರು. ಅದರ ಮೇಲೆ ಐದು ಹೆಸರುಗಳಿವೆ. ಮೊದಲ ಹೆಸರು ಮಗಳದ್ದು. ಎಂದಾದರೂ ಆ ಡಬ್ಬಿ ತುಂಬಿದ ದಿನ, ಸವಾರಿಯ ದುಆ ಓದಿ, ಐವರೂ ಒಟ್ಟಿಗೆ ಹತ್ತುವ ಭಾಗ್ಯವನ್ನು ಅಲ್ಲಾಹನು ಅವರಿಗೆ ಕರುಣಿಸಲಿ, ಆಮೀನ್.